ಆ ಮಾತು ಯಾರಿಗೆ ಅಂದದ್ದು

ಕಿರಂಗೂರಿನ ಹಾಲಿನ ಡೈರಿಯ ಕಾರ್ಯದರ್ಶಿ ಚಿಕ್ಕಸ್ವಾಮಿಗೆ ಭಾನುವಾರ ಬಂತೆಂದರೆ ಬೇರೆಯದೇ ಕೆಲಸ. ಬೆಳಗಿನ ಹಾಲು ಅಳೆದು, ಕ್ಯಾನುಗಳನ್ನು ಲಾರಿಗೆ ಏರಿಸಿದ ಮೇಲೆ ವಿಷಲ್ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಸುತ್ತಿನ ತಾಲ್ಲೂಕುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ಎಲ್ಲಿ ನಡೆದರೂ ರೆಫರಿ ಅವರೇ.

ಇಂಗ್ಲಿಷಿನ ನಿಯಮಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದವರು ಅವರು. ಅದರಲ್ಲಿ ಅವರನ್ನು ಕಾಡುತ್ತಿದ್ದದ್ದು ಟೆಕ್ನಿಕಲ್ ಫೌಲ್. ತಳ್ಳಿದ್ದು, ಹಿಡಿದದ್ದು ಕಣ್ಣಿಗೆ ಕಾಣುತ್ತದೆ. ಆದರೆ ರೆಫರಿಯೊಡನೆ ಅಗೌರವದಿಂದ ಮಾತಾಡುವುದೂ ಫೌಲು. ಯಾವುದು ಅಗೌರವ ಎಂದು ಪುಸ್ತಕ ಹೇಳುವುದಿಲ್ಲ. ಪ್ರೀತಿಗೂ ‘ಲಾ’, ಜಗಳಕ್ಕೂ ‘ಲಾ’ ಎಂದು ಏಕವಚನದಲ್ಲೇ ಕರೆಯುವ ಸೀಮೆಯಲ್ಲಿ ಇದನ್ನು ತೀರ್ಮಾನಿಸುವುದು ಸುಲಭವಲ್ಲ.

೧೯೯೪ರಲ್ಲಿ ಪಾಂಡವಪುರದ ಫೈನಲ್. ಆಟ ಮುಗಿಯಲು ಕೆಲವೇ ಸೆಕೆಂಡುಗಳಿದ್ದವು, ನಾಗಮಂಗಲದವರು ಕೆ.ಆರ್. ಪೇಟೆಯವರಿಗಿಂತ ಒಂದು ಪಾಯಿಂಟ್ ಮುಂದಿದ್ದರು. ನಾಗಮಂಗಲದ ಕಿಶನ್ ಚೆಂಡು ಹಿಡಿದು ಹೆಚ್ಚು ಹೆಜ್ಜೆ ಹಾಕಿದನೆಂದು ಚಿಕ್ಕಸ್ವಾಮಿ ವಿಷಲ್ ಊದಿದರು. ಅಷ್ಟರಲ್ಲಿ ಅವರ ಎದುರಿಗೇ ನಿಂತಿದ್ದ, ಕಿಶನ್‌ನ ತಂಡದವನೇ ಆದ ಅಶೋಕ ಕೂಗಿದ: ‘ಬುಡ್ಲಾ, ಬಾಯಿ ಮುಚ್ಕೊಳ್ಲಾ!’

ಚಿಕ್ಕಸ್ವಾಮಿಯ ಮುಖ ಕೆಂಪಾಯಿತು. ಎರಡೂ ಕೈಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೇರಿಸಿ ಎತ್ತಿದರು. ಟೆಕ್ನಿಕಲ್. ಅಶೋಕ ಏನೋ ಹೇಳಲು ಬಂದರೆ ಅಂಗೈ ತೋರಿಸಿ ತಡೆದರು. ಕೆ.ಆರ್. ಪೇಟೆಯವರು ಆ ಫೌಲಿಗೆ ಸಿಕ್ಕ, ತಲಾ ಒಂದು ಪಾಯಿಂಟಿನ ಎರಡು ಫ್ರೀ ಥ್ರೋಗಳನ್ನೂ ಹಾಕಿ ಒಂದು ಪಾಯಿಂಟಿನಿಂದ ಗೆದ್ದರು.

ಸ್ಕೋರ್ ಶೀಟಿಗೆ ಎಲ್ಲರ ಸಹಿ ಬಿದ್ದ ಮೇಲೆ, ಅದನ್ನು ಬರೆಯುತ್ತಿದ್ದ ಯಶೋಧರಾ ಟೀಚರು ಮೆಲ್ಲಗೆ ಹೇಳಿದರು: ‘ಸಾರ್, ಅಶೋಕ ಆ ಮಾತು ನಿಮ್ಗಂದಿದ್ದಲ್ಲ. ಕಿಶನ್ ನಿಮ್ಮ ಬೆನ್ನ ಹಿಂದೆ ನಿಮ್ಮೇಲೇ ಜಗಳಕ್ಕೆ ಬತ್ತಿದ್ದ. ಅವನ್ಗಂದಿದ್ದು.’

‘ಅಂಗಾದ್ರೆ ಆಗ್ಲೇ ಯಾಕಮ್ಮ ಯೋಳ್ಲಿಲ್ಲ?’

‘ನೀವು ಯಾರ ಮಾತ್ನೂ ಕೇಳೋ ಅಂಗಿರ್ಲಿಲ್ಲ ಸಾರ್.’

ಸಹಿ ಬಿದ್ದ ಫಲಿತಾಂಶ ಬದಲಾಗುವಂತಿರಲಿಲ್ಲ. ಆ ವಾರವೆಲ್ಲ ಹಾಲು ಅಳೆಯುವಾಗಲೂ ಅವರಿಗೆ ಅದೇ ಯೋಚನೆ. ಜಗಳ ತಡೆಯಲು ಹೋದವನಿಗೇ ಶಿಕ್ಷೆ ಕೊಟ್ಟಿದ್ದರು. ಮುಂದಿನ ಭಾನುವಾರ ಅವರು ಬೆಳ್ಳೂರು ಕ್ರಾಸಿನಲ್ಲಿ ಇಳಿದು, ಅಶೋಕ ಕೆಲಸ ಮಾಡುತ್ತಿದ್ದ ಟ್ರಾಕ್ಟರು ಗ್ಯಾರೇಜು ಹುಡುಕಿದರು.

‘ತಪ್ಪು ನಂದು ಕಣಪ್ಪ,’ ಎಂದರು.

ಅಶೋಕ ಕೈಯ ಗ್ರೀಸು ಒರೆಸುತ್ತ ನಿಂತ. ‘ಈಗ ಯೋಳಿ ಏನ್ ಬಂತು ಸಾರ್? ನನ್ ಬಾಯಿಂದ್ಲೇ ಸೋತ್ವಿ ಅಂತ ನಮ್ಮೋರೇ ಆಡ್ಕೊತಾವ್ರೆ. ಗ್ರೌಂಡ್ ಕಡೆ ಹೋಗೋದೇ ಬುಟ್ಬುಟ್ಟಿವ್ನಿ.’

‘ಅಂಗಾದ್ರೆ ನಡಿ, ಅವ್ರ ಮುಂದೇನೇ ಯೋಳ್ತೀನಿ.’

ಸಂಜೆ ನಾಗಮಂಗಲದ ಅಂಕಣದಲ್ಲಿ ಆಡುತ್ತಿದ್ದವರನ್ನು ನಿಲ್ಲಿಸಿ, ನಡೆದದ್ದನ್ನು ಚಿಕ್ಕಸ್ವಾಮಿ ಇದ್ದ ಹಾಗೇ ಹೇಳಿದರು. ಕಿಶನ್ ತಲೆ ತಗ್ಗಿಸಿ, ‘ನಾನೇ ಯೋಳ್ಬೇಕಿತ್ತು ಕಣ್ಲಾ,’ ಎಂದು ಅಶೋಕನ ಕಡೆಗೆ ಚೆಂಡು ಎಸೆದ. ಅಶೋಕ ಹಿಡಿದುಕೊಂಡ, ಆದರೆ ಅವತ್ತು ಆಡಲಿಲ್ಲ. ಮತ್ತೆ ಆಟಕ್ಕೆ ಬರಲು ಅವನಿಗೆ ಎರಡು ತಿಂಗಳು ಹಿಡಿಯಿತು.

ಅಂದಿನಿಂದ ಮಾತಿಗೆ ಟೆಕ್ನಿಕಲ್ ಕೊಡುವ ಮೊದಲು ಚಿಕ್ಕಸ್ವಾಮಿ ಹತ್ತಿರ ಹೋಗಿ, ‘ಯಾರಿಗಂದೆ?’ ಎಂದು ಕೇಳುತ್ತಿದ್ದರು. ಕೆಲವರು ಸುಳ್ಳು ಹೇಳಿ ಪಾರಾದರು. ಅದೂ ಅವರಿಗೆ ಗೊತ್ತಿತ್ತು.

ಮರುವರ್ಷದ ಪಂದ್ಯದಲ್ಲಿ ಅಶೋಕ ಎದುರಾಳಿಯ ಕೈಗೆ ಹೊಡೆದ. ಅದು ಅವನ ಐದನೇ ಫೌಲು, ಐದಾದರೆ ಆಟದಿಂದ ಹೊರಗೆ. ಕಣ್ಣಿಗೆ ಕಂಡ ಫೌಲಿಗೆ ಕೇಳುವುದೇನೂ ಇರಲಿಲ್ಲ; ಚಿಕ್ಕಸ್ವಾಮಿ ಒಂದು ಕ್ಷಣವೂ ತಡಮಾಡದೆ ಊದಿ ಅವನನ್ನು ಹೊರಗೆ ಕಳಿಸಿದರು. ಅಶೋಕ ನಿಯಮದಂತೆ ಕೈಯೆತ್ತಿ, ಅವರ ಮುಖ ನೋಡದೆ ಹೋಗಿ ಬೆಂಚಿನಲ್ಲಿ ಕುಳಿತ. ಅವನಿಗೆ ಕೋಪ ಬಂದಿತ್ತೋ ಇಲ್ಲವೋ, ಚಿಕ್ಕಸ್ವಾಮಿಗೆ ತಿಳಿಯಲಿಲ್ಲ.