ಗುರುತು ಸಿಕ್ಕ ಒಂದೇ ಮುಖ

ಕಟಕ್… ಸರ್ರ್… ಕಟಕ್…

ಕಸ್ತೂರಿಯ ಬಲ ಮೊಣಕಾಲಿನ ಸದ್ದು ಅದು. ಒಂದು ಹೆಜ್ಜೆಗೆ ಕೀಲು ಕಟಕ್ ಎನ್ನುತ್ತಿತ್ತು, ಮುಂದಿನ ಹೆಜ್ಜೆಗೆ ಎಡಗಾಲು ನೆಲ ಸವರಿಕೊಂಡು ಬರುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ಮೊದಲು ಕಿವಿಗೆ ಬೀಳುವುದು ಅದೇ.

ನಾನು ಕಾನ್ವೆಂಟಿನಲ್ಲಿ ಓದಿದವಳು. ದೆವ್ವ, ಭೂತ ಎಲ್ಲ ಬರೀ ಇಮ್ಯಾಜಿನೇಶನ್ ಎಂದು ನಮ್ಮ ಸಿಸ್ಟರ್‌ಗಳು ಕಲಿಸಿದ್ದನ್ನು ತಲೆ ನರೆಯುವವರೆಗೂ ನಂಬಿಕೊಂಡು ಬಂದವಳು. ಕಥೆ ಕಟ್ಟುವ ಗರಜು ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಬರೆಯುವಾಗಲೂ ಒಂದು ಕಣ್ಣು ಬಾಗಿಲ ಕಡೆಗೇ ಇದೆ…

ಎರಡು ವರ್ಷದ ಹಿಂದೆ ನನಗೊಂದು ಸಣ್ಣ ಸ್ಟ್ರೋಕ್ ಆಯಿತು. ಕೈಕಾಲು, ಮಾತು ಎಲ್ಲ ಉಳಿದವು. ಹೋದದ್ದು ಮುಖಗಳು. ಎದುರಿಗೆ ನಿಂತವರ ಕಣ್ಣು ಕಾಣುತ್ತದೆ, ಮೂಗು ಕಾಣುತ್ತದೆ, ಗಲ್ಲ ಕಾಣುತ್ತದೆ. ಆದರೆ ಅವೆಲ್ಲ ಕೂಡಿ ‘ಇವರು ಇಂಥವರು’ ಎಂದು ಆಗುವುದೇ ಇಲ್ಲ. ಹುಬ್ಬಳ್ಳಿಯ ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ತೋರಿಸಿದರು. ಮುಖ ಗುರುತಿಸಲಿಕ್ಕೆಂದೇ ಬ್ರೇನಿನಲ್ಲಿ ಒಂದು ಜಾಗ ಇರುತ್ತದಂತೆ. ನನ್ನಲ್ಲಿ ಆ ಜಾಗವೇ ಸತ್ತಿತ್ತು. ಮುಖಗಳ ಗುರುತು ಇನ್ನು ಮರಳುವುದಿಲ್ಲ ಎಂದೂ ಹೇಳಿಬಿಟ್ಟರು.

ಗಜೇಂದ್ರಗಡದ ಮನೆಯಲ್ಲಿ ನಾವಿಬ್ಬರೇ. ನಾನು, ಮತ್ತು ನನ್ನ ಗಂಡನ ತಂಗಿ ಕಸ್ತೂರಿ. ಮದುವೆಯಾಗಿ ಬಂದಾಗಿನಿಂದ ನೋಡಿದ ಮುಖ. ಈಗ ಅದೇ ಮುಖ ಬೆಳಗ್ಗೆ ಚಹಾ ಹಿಡಿದು ಎದುರು ನಿಂತರೆ ಯಾರೋ ಏನೋ ಎಂದು ಎದೆ ಝಲ್ಲೆನ್ನುತ್ತಿತ್ತು. ಆ ಮೊಣಕಾಲಿನ ಸದ್ದು ಕೇಳಿದರೇನೇ ಜೀವಕ್ಕೆ ಸಮಾಧಾನ.

“ದವಾಖಾನಿಗೆ ಹೋಗಿ ಈ ಮೊಣಕಾಲ ರಿಪೇರಿ ಮಾಡಿಸ್ಕೊಂಡ್ರ ನೀವು ನನ್ನ ಕಳ್ಳಿ ಅಂತ ಹೊರಗ ಹಾಕ್ತೀರಿ, ವೈನಿ” ಎಂದು ನಗುತ್ತಿದ್ದಳು.

ನಾನೂ ನಗುತ್ತಿದ್ದೆ. ಒಳಗೊಳಗೇ ಒಂದು ಆಸೆ ಇಟ್ಟುಕೊಂಡಿದ್ದೆ. ಸಾಯುವುದರೊಳಗೆ ಒಮ್ಮೆ, ಒಂದೇ ಒಂದು ಸಲ, ಅವಳ ಮುಖ ಮೊದಲಿನ ಹಾಗೆ ಗುರುತು ಸಿಗಬೇಕು.

ಹೋದ ಬೇಸಿಗೆಯಲ್ಲಿ ರಾಜೂರಿಗೆ ಮದುವೆಗೆ ಹೋದೆವು. ಬಂದ ಹೆಂಗಸರಿಗೆಲ್ಲ ಆಯೇರಿ ಎಂದು ಒಂದೇ ನಮೂನೆಯ ಹಸಿರು ಸೀರೆ ಕೊಟ್ಟು ಉಡಿಸಿದರು. ನನಗೆ ದಿಕ್ಕೇ ತಪ್ಪಿತು. ಸೀರೆಯ ಬಣ್ಣ ನೋಡಿ ಜನರ ಗುರುತು ಹಿಡಿಯುತ್ತಿದ್ದವಳು ನಾನು! ಎಲ್ಲಿ ನೋಡಿದರೂ ಹಸಿರು ಸೀರೆ, ತಲೆಯ ಮೇಲೆ ಸೆರಗು, ಸೆರಗಿನೊಳಗೆ ಯಾರದೋ ಮುಖ. ಸಾಲದ್ದಕ್ಕೆ ಕಂಡವರೆಲ್ಲ “ನಾ ಯಾರ ಹೇಳ್ರಿ ನೋಡೂಣು” ಎಂದು ಛೇಡಿಸುವವರೇ. ದಿನವಿಡೀ ಕಸ್ತೂರಿಯ ಕೈ ಬಿಡಲಿಲ್ಲ.

ರಾತ್ರಿ ಪಕ್ಕದ ಹಳೆಯ ಮನೆಯ ಪಡಸಾಲೆಯಲ್ಲಿ ಹೆಂಗಸರಿಗೆ ಹಾಸಿಗೆ. ಕರೆಂಟು ಹೋಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ಊಂ… ಊಂ… ಬಿಟ್ಟರೆ ಎಲ್ಲ ಸ್ತಬ್ಧ. ನನಗೆ ಹಿತ್ತಲಿಗೆ ಹೋಗಬೇಕಾಯಿತು. ಮೆಲ್ಲಗೆ ಕಸ್ತೂರಿಯನ್ನು ಕರೆದೆ.

ಕಟಕ್… ಸರ್ರ್… ಕಟಕ್…

ಕತ್ತಲಲ್ಲಿ ಬಂದು ಮಣಿಕಟ್ಟು ಹಿಡಿದಳು. ಕೈ ತಣ್ಣಗಿತ್ತು. ನೀರು ಮುಟ್ಟಿ ಬಂದಿರಬೇಕು ಅಂದುಕೊಂಡೆ. ಹಿತ್ತಲ ಬಾಗಿಲು ದಾಟಿದೆವು. ಬಚ್ಚಲೂ ದಾಟಿತು. ಅವಳು ನಿಲ್ಲಲಿಲ್ಲ.

“ಕಸ್ತೂರಿ… ಎಲ್ಲಿಗೆ ಹೊಂಟಿ?”

ಉತ್ತರವಿಲ್ಲ. ನಿದ್ದೆಯಲ್ಲೂ ವಟಗುಟ್ಟುವ ಹೆಂಗಸು ಅವಳು! ಕಾಲಡಿಯ ಮಣ್ಣು ಹೋಗಿ ಕಲ್ಲು ಬಂತು. ಪಾಚಿಯ ವಾಸನೆ… ನಿಂತ ನೀರಿನ ವಾಸನೆ…

ಆಗ ನನ್ನ ಬೆನ್ನ ಹಿಂದೆ ಕೇಳಿಸಿತು.

ಕಟಕ್… ಸರ್ರ್… ಕಟಕ್…

“ವೈನಿ, ಅಲ್ಲೇ ನಿಂದರ್ರಿ. ಮುಂದ ಬಾವಿ ಐತಿ.”

ಕಸ್ತೂರಿಯ ದನಿ! ಮೊಬೈಲ್ ಟಾರ್ಚಿನ ಬೆಳಕು ನನ್ನ ಹೆಗಲ ಮೇಲಿಂದ ಹಾಯ್ದು, ನನ್ನ ಕೈ ಹಿಡಿದವಳ ಮೇಲೆ ಬಿತ್ತು. ಅವಳು ಬಾವಿಯ ಮೆಟ್ಟಿಲ ಮೇಲೆ ನಿಂತಿದ್ದಳು. ತಿರುಗಿ ನೋಡಿದಳು.

ಗುರುತು ಸಿಕ್ಕಿತು.

ಹ್ಯಾಗೆ ಹೇಳಲಿ… ಹುಬ್ಬಿನ ಮೇಲಿನ ಹಳೆಯ ಗಾಯದ ಕಲೆ, ಸ್ವಲ್ಪ ಸೊಟ್ಟಗಿನ ಮೂಗು, ನಕ್ಕರೆ ಬಲಗೆನ್ನೆಯಲ್ಲಿ ಬೀಳುವ ಗೆರೆ, ಎಲ್ಲ ಒಮ್ಮೆಲೇ ಕೂಡಿ ಒಬ್ಬಳಾದವು. ಕಸ್ತೂರಿ. ನನ್ನ ಕಸ್ತೂರಿ. ಅಂಥ ಹೊತ್ತಿನಲ್ಲೂ ನನ್ನ ಕಣ್ಣು ತುಂಬಿತು. ಅವಳು ನಕ್ಕು, ಮೆಲ್ಲಗೆ ಕೈ ಎಳೆದಳು.

ಹಿಂದೆ ನೋಡಿದೆ. ಹಿಂದಿದ್ದವಳು ಟಾರ್ಚನ್ನು ತನ್ನ ಮುಖಕ್ಕೆ ಹಿಡಿದುಕೊಂಡಳು. ಹಸಿರು ಸೆರಗು, ಕಣ್ಣು, ಮೂಗು, ಬಾಯಿ. ಯಾರೋ…

“ನಾನ್ರಿ ವೈನಿ, ಕಸ್ತೂರಿ. ಯಾರ ಜೋಡಿ ಮಾತಾಡಾಕತ್ತೀರಿ?”

ಒಂದು ಕಡೆ ನಾನು ಬೇಡಿಕೊಂಡ ಮುಖ. ಇನ್ನೊಂದು ಕಡೆ ಗುರುತೇ ಸಿಗದ ಹೆಂಗಸು. ಡಾಕ್ಟರು ಹೇಳಿದ್ದು ನೆನಪಾಯಿತು. ಮರಳುವುದಿಲ್ಲ… ಹಾಗಾದರೆ ನನಗೆ ಗುರುತು ಸಿಗುವ ಮುಖ ಮನುಷ್ಯರದು ಹೇಗಾದೀತು?

ಕೈ ಕೊಸರಿಕೊಂಡೆ. ಗುರುತು ಸಿಗದವಳ ಕಡೆಗೆ ಓಡಿದೆ. ಹಿಂದೆ ನೀರು ಒಮ್ಮೆ ಗುಳುಂ ಎಂದಿತು.

ಬೆಳಗ್ಗೆ ಬಾವಿ ಇಣುಕಿದೆ. ಮೇಲಿನ ಪಾಚಿ ಕೂಡ ಒಡೆದಿರಲಿಲ್ಲ. ಮದುವೆಯ ಜನರಲ್ಲಿ ಯಾರೂ ಕಾಣೆಯಾಗಿರಲಿಲ್ಲ. ನಾನ್‌ಸೆನ್ಸ್, ಎಲ್ಲ ನನ್ನ ಬ್ರೇನಿನ ಆಟ ಎಂದು ನನಗೆ ನಾನೇ ಬೈದುಕೊಂಡು ಊರಿಗೆ ಮರಳಿದೆ.

ಮರುದಿನ ಚಹಾ ಬಂತು. ಸಕ್ಕರೆ ನನಗೆ ಬೇಕಾದಷ್ಟೇ ಇತ್ತು. ಅರ್ಧ ಕುಡಿದ ಮೇಲೆ ಹೊಳೆಯಿತು… ಅವಳು ಬಂದ ಸದ್ದೇ ಕೇಳಿರಲಿಲ್ಲ. ಮೊಣಕಾಲು ಏನಾಯಿತು ಎಂದು ಕೇಳಿದೆ.

“ರಾಜೂರಿಂದ ಬಂದಾಗಿಂದ ಭಾಳ ಚಲೋ ಆಗೇತ್ರಿ ವೈನಿ” ಎಂದಳು. “ನಿಮಗ ಖುಷಿ ಇಲ್ಲೇನು?”

ವರ್ಷವಾಯಿತು. ದನಿ ಅದೇ, ಚಹಾ ಅದೇ. ಸದ್ದಿಲ್ಲದೆ ಬಂದು ಎದುರು ನಿಲ್ಲುತ್ತಾಳೆ. ನಾನು ಆ ಮುಖವನ್ನು ನೋಡುತ್ತಲೇ ಇರುತ್ತೇನೆ, ಏನೂ ತಿಳಿಯುವುದಿಲ್ಲ.

ಕಸ್ತೂರಿಯ ಮುಖವನ್ನು ನಾನು ಕೊನೆಯ ಸಲ ಕಂಡದ್ದು ರಾಜೂರಿನ ಬಾವಿಯ ಮೆಟ್ಟಿಲ ಮೇಲೆ. ನಾನು ಕೈ ಕೊಸರಿಕೊಂಡಾಗ ಅದು ನಗುತ್ತಿರಲಿಲ್ಲ. ಹೆದರಿತ್ತು.