ಹಾದ್ಯಾಗ ಬಿದ್ದ ಒಲಿ

ಲಾಲಸಾಬ ಕಾಕಾನನ್ನು ಸೈಕಲ್ಲಿನಿಂದ ಇಳಿಸಲು ಒಂದಿಷ್ಟು ಹಸಿ ಸಗಣಿ ಸಾಕಿತ್ತು. ತಾಂಬಾದಿಂದ ಇಂಡಿಗೆ ಹೋಗುವ ಹಾದಿಯಲ್ಲಿ ಎಲ್ಲಾದರೂ ಸಗಣಿ ಕಂಡರೆ ಸೈಕಲ್ಲನ್ನು ಜಾಲಿಗಿಡಕ್ಕೆ ಒರಗಿಸಿ, ಎರಡೂ ಕೈಯಿಂದ ಬಾಚಿ, ಕ್ಯಾರಿಯರಿಗೆ ಕಟ್ಟಿದ ಬುಟ್ಟಿಗೆ ಹಾಕುತ್ತಿದ್ದ. ಬಸ್ಸಿನ ಕಿಟಕಿಯಿಂದ ಯಾರಾದರೂ ನಕ್ಕರೆ ತಲೆ ಎತ್ತದೆ ಹೇಳುತ್ತಿದ್ದ: "ನಗ್ರಿ, ನಗ್ರಿ. ನಿಮಗದು ಸಗಣಿ. ನನಗ ಹಾದ್ಯಾಗ ಬಿದ್ದ ಒಲಿ."

ಅವನು ಗೋಬರ್ ಗ್ಯಾಸಿನ ಮಿಸ್ತ್ರಿ. ಹಿತ್ತಲಲ್ಲಿ ಬಾವಿಯಂತೆ ತಗ್ಗು ತೋಡಿ, ಅದರ ಮೇಲೆ ಇಟ್ಟಿಗೆಯ ಗುಮ್ಮಟ ಕಟ್ಟುತ್ತಿದ್ದ. ಒಂದು ಬುಟ್ಟಿ ಸಗಣಿಗೆ ಅಷ್ಟೇ ನೀರು ಕಲಸಿ ಒಂದು ಕಡೆಯಿಂದ ಸುರಿದರೆ ಒಳಗೆ ಗ್ಯಾಸು ಹುಟ್ಟಿ, ಗುಮ್ಮಟದ ನೆತ್ತಿಯ ಪೈಪಿನಿಂದ ಅಡುಗೆಮನೆಗೆ ಬರುತ್ತಿತ್ತು. "ಬಿಜಾಪುರದ ಗುಮ್ಮಟದಾಗ ಕೂಗಿದ್ರ ದನಿ ತಿರಗಿ ಬರ್ತೈತಿ. ನನ್ನ ಗುಮ್ಮಟದಾಗ ಸಗಣಿ ಹಾಕಿದ್ರ ಬೆಂಕಿ ಬರ್ತೈತಿ. ಯಾವುದು ದೊಡ್ಡದು ನೀವ ಹೇಳ್ರಿ" ಎನ್ನುತ್ತಿದ್ದ. ಯಾರ ಮನೆಗೆ ಹೋದರೂ ಮೊದಲು ಹಿತ್ತಲಿಗೆ ನಡೆದು, ಪೈಪಿಗೆ ಕಿವಿ ಹಚ್ಚಿ, "ಹೊಟ್ಟಿ ಛಲೋ ಐತಿ" ಎಂದ ಮೇಲೆಯೇ ಮನೆಯವರ ಆರೋಗ್ಯ ಕೇಳುವುದು ಅವನ ರೂಢಿ.

ನಮ್ಮ ಮನೆಯ ಗುಮ್ಮಟವನ್ನು ಅವನು ಕಟ್ಟಿದ್ದು ನಾನು ಹತ್ತನೆಯ ತರಗತಿಯಲ್ಲಿದ್ದಾಗ. ಅವ್ವನಿಗೆ ದಮ್ಮು. ಇಂಡಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, "ಒಲಿ ಹೊಗಿ ಮುಂದ ಕುಂತ್ರ ಈ ಗುಳಗಿ ಏನೂ ಮಾಡೂದಿಲ್ರಿ" ಎಂದಿದ್ದರು. ಅಪ್ಪ ಒಪ್ಪಿದ. ಒಪ್ಪದವಳು ನನ್ನ ಆಯಿ, ಅಪ್ಪನ ತಾಯಿ. ಸಗಣಿಯ ಬೆಂಕಿಯಲ್ಲಿ ದೇವರ ಎಡೆ ಹೇಗೆ ಮಾಡುವುದು ಎಂದು ಅವಳ ತಕರಾರು.

"ಆಯಿ, ನಿಮ್ಮ ಹಣಿಮ್ಯಾಲಿನ ವಿಭೂತಿ ಯಾತರದು?" ಎಂದು ಕಾಕಾ ಗಾರೆ ಮೆತ್ತುವ ಕರಣಿ ಕೆಳಗಿಡದೆ ಕೇಳಿದ.

ವಿಭೂತಿ ಆಗುವುದು ಸುಟ್ಟ ಸಗಣಿಯಿಂದಲೇ ಎಂದು ಆಯಿಗೆ ಗೊತ್ತಿತ್ತು. "ಸಾಬ ಆಗಿ ನನಗ ವಿಭೂತಿ ವಿಚಾರ ಕಲಿಸಾಕ ಬಂದಾನ" ಎಂದು ಗೊಣಗಿ ಒಳಗೆ ಹೋದಳು. ಗ್ಯಾಸು ಬಂದ ವಾರಕ್ಕೇ ಅದರ ಮೇಲೆ ಹೋಳಿಗೆ ಮಾಡಿಸಿ ಅವನಿಗೂ ಬಡಿಸಿದಳು.

ಮೊದಲ ದಿನ ನೀಲಿ ಬೆಂಕಿಯ ಮುಂದೆ ಕುಳಿತ ಅವ್ವ ಮತ್ತೆ ಮತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅಕ್ಕಾರ, ಹೊಗೀನ ಇಲ್ಲಲ್ಲ, ಕಣ್ಣ ಯಾಕ ಒರಸ್ತೀರಿ?" ಎಂದು ಕಾಕಾ ಕೇಳಿದ.

"ರೂಢಿ ಐತಪಾ" ಎಂದಳು ಅವ್ವ.

ನಾಲ್ಕು ವರ್ಷ ಅವಳ ಗುಳಿಗೆಯ ಡಬ್ಬಿ ಹೆಚ್ಚಾಗಿ ಮುಚ್ಚಿಯೇ ಇರುತ್ತಿತ್ತು.

ಆಗ ನನ್ನ ವಿಜ್ಞಾನದ ಪಾಠಗಳನ್ನು ಕಾಕಾ ಓದಿಸಿ ಕೇಳುತ್ತಿದ್ದ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಎಲ್ಲವೂ ಕೋಟಿಗಟ್ಟಲೆ ವರ್ಷಗಳ ಹಿಂದೆ ಸತ್ತು ನೆಲದಲ್ಲಿ ಹೂತುಹೋದ ಜೀವಗಳಿಂದ ಆದವು ಎಂದು ಓದಿದಾಗ ಹೇಳಿದ: "ಎತ್ತು ನಿನ್ನಿ ತಿಂದ ಕಣಕಿ ಇವತ್ತ ನಮ್ಮ ಬೆಂಕಿ. ಇದನ್ನ ಬಿಟ್ಟು ಸತ್ತವರನ್ನ ಅಗದು ಯಾಕ ಸುಡಬೇಕು, ಯವ್ವಾ?"

ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದ ಎರಡನೆಯ ವರ್ಷ ಅಪ್ಪ ಟ್ರ್ಯಾಕ್ಟರ್ ತಂದ. ಎರಡು ಎತ್ತು, ಎರಡು ಆಕಳು ಮಾರಿಹೋದವು. ಉಳಿದದ್ದು ಹಾಲಿಗೆಂದು ಒಂದು ಎಮ್ಮೆ. ಅಪ್ಪನದು ತಪ್ಪು ಎಂದು ಆಗ ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆದ್ದು ಮೇವು ಹಾಕಿ, ದಿನವಿಡೀ ನೇಗಿಲ ಹಿಂದೆ ನಡೆದವನು ಅವನು. ಕಾರಹುಣ್ಣಿಮೆಗೆ ಎತ್ತುಗಳ ಗೆಜ್ಜೆಸರವನ್ನು ಟ್ರ್ಯಾಕ್ಟರಿನ ಮೂತಿಗೆ ಕಟ್ಟಿ ಊರೆಲ್ಲ ಮೆರೆಸಿದ. ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ಎಲ್ಲರೆದುರೇ ಹೇಳಿದ: "ಅಣ್ಣಾರ, ಗೆಜ್ಜಿ ಕಟ್ಟಿದ್ದು ಛಲೋ ಆತು. ಇನ್ನ ಒಂದೀಟ ಸಗಣಿ ಹಾಕಸ್ರಿ."

ಕಟ್ಟೆಯವರೆಲ್ಲ ನಕ್ಕರು. ಅಪ್ಪ ನಗಲಿಲ್ಲ.

ಒಂದು ಎಮ್ಮೆಯ ಸಗಣಿಗೆ ಗುಮ್ಮಟದ ಹೊಟ್ಟೆ ತುಂಬಲಿಲ್ಲ. ಬೆಂಕಿ ಚಹಾಕ್ಕೆ ಸಾಕಾಗುತ್ತಿತ್ತು, ರೊಟ್ಟಿಗೆ ಸಾಲುತ್ತಿರಲಿಲ್ಲ. ಅವ್ವ ಮಣ್ಣಿನ ಒಲೆಯನ್ನು ಸಾರಿಸಿ ಮತ್ತೆ ಹೂಡಿದಳು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಮತ್ತೆ ಹೊಗೆ. "ಸಿಲಿಂಡರಿಗೆ ಹೆಸರು ಹಚ್ಚೇನಿ, ಬರ್ತೈತಿ" ಎನ್ನುತ್ತಿದ್ದ ಅಪ್ಪ. ಅದು ಬರುವವರೆಗಾದರೂ ಇರಲಿ ಎಂದು ಕಾಕಾ ಹಾದಿಯಲ್ಲಿ ಬಾಚಿದ ಸಗಣಿಯನ್ನು ನಮ್ಮ ಹಿತ್ತಲಿಗೆ ತಂದು ಸುರಿಯತೊಡಗಿದ. ಆದರೆ ಬೇರೆಯವರ ಮನೆಯಲ್ಲೂ ಎತ್ತುಗಳು ಹೋಗುತ್ತಿದ್ದವು. ಅವನ ಬುಟ್ಟಿ ತುಂಬುವುದೇ ಕಷ್ಟವಾಯಿತು.

ಆ ವರ್ಷದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ಪಳೆಯುಳಿಕೆ ಇಂಧನಗಳನ್ನು ಬದಲಿ ಇಂಧನ ಮೂಲಗಳೊಂದಿಗೆ ಹೋಲಿಸಿರಿ. ನಡುವೆ ಗೆರೆ ಎಳೆದು, ಎಡಕ್ಕೆ ಅವು, ಬಲಕ್ಕೆ ಇವು ಎಂದು ಬರೆದೆ. ಗೋಬರ್ ಗ್ಯಾಸಿನ ಚಿತ್ರವನ್ನು ಪುಸ್ತಕ ನೋಡದೆಯೇ ಬಿಡಿಸಬಲ್ಲವಳಾಗಿದ್ದೆ. ಒಳ್ಳೆಯ ಅಂಕ ಬಂದವು.

ರಜೆಗೆ ಬಂದಾಗ ಕಾಕಾ ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಕೇಳಿದ: "ಯವ್ವಾ, ನಾ ಹೇಳಿದ್ರ ಮಿಸ್ತ್ರಿ ತನ್ನ ದಂಧೆ ಸಲುವಾಗಿ ಹೇಳ್ತಾನ ಅಂತಾರ. ನೀ ಓದಿದಾಕಿ. ಎರಡು ಆಕಳಾದ್ರೂ ತರ್ರಿ ಅಂತ ಅಪ್ಪಾರಿಗೆ ಒಂದ ಮಾತು ಹೇಳು. ಅಕ್ಕಾರ ಎದಿ ಸೀಟಿ ಹೊಡ್ಯಾಕತ್ತೈತಿ, ಕೇಳಿಸೂದಿಲ್ಲೇನು?"

ಕೇಳಿಸುತ್ತಿತ್ತು. ಆದರೂ "ಅಪ್ಪಾ ಕೇಳೂದಿಲ್ಲ ಕಾಕಾ" ಎಂದೆ. ಅಪ್ಪನನ್ನು ನಾನು ಕೇಳಿಯೇ ಇರಲಿಲ್ಲ. ಮನೆಯಲ್ಲಿ ಎದುರು ಮಾತಾಡದ ಹುಡುಗಿ ಎಂಬ ಹೆಸರಿತ್ತು ನನಗೆ. ಅದನ್ನು ಉಳಿಸಿಕೊಂಡೆ.

ಮೂರು ವರ್ಷದ ನಂತರ ಅವ್ವ ತೀರಿಕೊಂಡಳು. ಮರುವರ್ಷ ಸಿಲಿಂಡರ್ ಬಂತು. ಅಷ್ಟರಲ್ಲಿ ಕಾಕಾ ಊರಲ್ಲಿರಲಿಲ್ಲ. ಗುಮ್ಮಟ ಕಟ್ಟಿಸುವವರಿಲ್ಲದೆ ಸೊಲ್ಲಾಪುರದ ಕಡೆ ಗೋಡೆ ಕಟ್ಟಲು ಹೋಗಿದ್ದ. ಅಲ್ಲಿಯೇ ತೀರಿಹೋದ ಎಂಬ ಸುದ್ದಿಯನ್ನು ಯಾರೋ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು. ಹೇಗೆ, ಯಾವಾಗ ಎಂದು ನಾನು ಕೇಳಲಿಲ್ಲ.

ಅವನನ್ನು ಕೊನೆಗೆ ನೋಡಿದ್ದು ಅವ್ವ ಇನ್ನೂ ಇದ್ದಾಗ, ಅವನು ಊರು ಬಿಡುವ ಮೊದಲು, ನಮ್ಮ ಹಿತ್ತಲಲ್ಲೇ. ಟ್ರ್ಯಾಕ್ಟರ್ ನಿಲ್ಲಿಸಲು ಶೆಡ್ ಬೇಕಾಗಿತ್ತು. ಗುಮ್ಮಟ ಒಡೆದು ತಗ್ಗು ಮುಚ್ಚಲು ಅಪ್ಪ ಅವನನ್ನೇ ಕರೆಸಿದ್ದ. ಬರುವುದಿಲ್ಲ ಎನ್ನಬಹುದಿತ್ತು. ಬಂದ. ಪೈಪಿಗೆ ಕಿವಿ ಹಚ್ಚಿ ನೋಡಿ, ಅಡುಗೆಮನೆಯ ಬಾಗಿಲಿಗೆ ಬಂದು ಹೇಳಿದ: "ಅಕ್ಕಾರ, ಒಳಗ ಒಂದೀಟ ಗ್ಯಾಸ್ ಐತಿ. ಅದು ಇರೂತನಾ ಗುಮ್ಮಟಕ್ಕ ಹಾರಿ ಹಾಕಾಕ ಬರೂದಿಲ್ಲ, ಕಿಡಿ ಬಿದ್ರ ಹೊತ್ಕೊಂತೈತಿ. ಸುಮ್ನ ಗಾಳಿಗೆ ಯಾಕ ಬಿಡೂದು? ನನಗೊಂದು ಕಪ್ ಚಾ ಮಾಡ್ರಿ."

ಅವ್ವ ಚಹಾ ಇಟ್ಟಳು. ನೀಲಿ ಬೆಂಕಿ ಸ್ವಲ್ಪ ಹೊತ್ತು ನೆಟ್ಟಗೆ ಉರಿದು, ಸಣ್ಣಗಾಗಿ, ಪಟ್ ಎಂದು ಆರಿತು. ಹಾಲು ಇನ್ನೂ ಉಕ್ಕಿರಲಿಲ್ಲ. ಅವಳು ಪಾತ್ರೆಯನ್ನು ಎತ್ತಿ ಮಣ್ಣಿನ ಒಲೆಯ ಮೇಲಿಟ್ಟು ತೊಗರಿ ಕಟ್ಟಿಗೆ ಊದಿದಳು. ಹೊಗೆ ಎದ್ದಿತು. ಕೆಮ್ಮುತ್ತ ಕೆಮ್ಮುತ್ತಲೇ ಸೋಸಿ, ಕಪ್ಪನ್ನು ನನ್ನ ಕೈಗೆ ಕೊಟ್ಟಳು.

ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ. "ಹೊಗಿ ವಾಸನಿ ಹೊಡ್ಯಾಕತ್ತೈತಿ" ಎಂದ. ಬಿಡದೆ ಪೂರ್ತಿ ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು, ಗುಮ್ಮಟದ ಮುಚ್ಚಳ ಸರಿಸಿ, ಒಳಗಿನ ವಾಸನೆ ಹೋಗುವ ತನಕ ದೂರ ನಿಂತು, ಹಾರೆ ಎತ್ತಿಕೊಂಡ.

ಗುಮ್ಮಟ ಬೇಗ ಒಡೆಯಲಿಲ್ಲ. ಅಷ್ಟು ಗಟ್ಟಿಯಾಗಿ ಕಟ್ಟಿದ್ದ. ಸಂಜೆಯ ತನಕ ಹಿತ್ತಲಿನಿಂದ ಹಾರೆಯ ಸದ್ದು, ಒಲೆಯ ಮುಂದಿನಿಂದ ಅವ್ವನ ಕೆಮ್ಮು. ನಾನು ನಡುಮನೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆ.