ಅಡಿವೆವ್ವ ಮತ್ತು ಗಾಡಿಯ ತಂಪು

ಸಿಟ್ಟು ಬಂದರೆ ಅಡಿವೆವ್ವ ಸೆರಗನ್ನು ಸೊಂಟಕ್ಕೆ ಸಿಗಿಸುತ್ತಾಳೆ. ಆ ಮಂಗಳವಾರ ಗದಗಿನ ಗ್ಯಾರೇಜಿನ ಮುಂದೆ ಹಾಗೇ ನಿಂತಿದ್ದಳು.

"ಏಸಿ ಕಂಪ್ರೆಸರ್ ಹೋಗೇತ್ರಿ. ಹೊಸಾದು ಹಾಕಬೇಕು, ಇಪ್ಪತ್ತೆಂಟು ಸಾವಿರ," ಅಂದ ಗ್ಯಾರೇಜಿನವ, ಮೊಬೈಲಿನಿಂದ ಕಣ್ಣೆತ್ತದೆ.

"ಹ್ವಾದ ವರ್ಷ ಗ್ಯಾಸ್ ಖಾಲಿ ಅಂದ್ರಿ, ತುಂಬಿದ್ರಿ. ಹ್ವಾದ ತಿಂಗಳ ಮತ್ತ ಗ್ಯಾಸ್ ಅಂದ್ರಿ, ತುಂಬಿದ್ರಿ. ಈಗ ಕಂಪ್ರೆಸರ್ ಏನ್ರಿ? ಬಾನೆಟ್ಟರೆ ಎತ್ತಿ ನೋಡೀರೇನು?"

"ನಿಮಗ ತಿಳಿಯೂದಿಲ್ರೀ ಅಕ್ಕಾರ. ಮನ್ಯಾಗ ಗಂಡಸರಿದ್ರ ಕರಕೊಂಡ ಬರ್ರಿ, ಅವರಿಗೆ ಹೇಳತೀನಿ."

"ಗಾಡಿ ಹೊಡಿಯಾಕಿ ನಾನು! ಗಂಡಸರನ್ನ ಎಲ್ಲಿಂದ ತರ್ಲಿ? ನಿಮ್ಮ ಗ್ಯಾರೇಜಿನಾಗ ಬಾಡಿಗಿಗೆ ಸಿಗತಾರೇನು?"

ಪಕ್ಕದ ಚಹಾದಂಗಡಿಯವರು ನಕ್ಕರು. ಅಡಿವೆವ್ವ ನಗಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಅವಳ ಅತ್ತೆ ಮಾಳವ್ವ ಕಿಡಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.

ಮಾಳವ್ವನ ಮೂತ್ರಪಿಂಡ ಕೈಕೊಟ್ಟು ಮೂರು ವರ್ಷವಾಯಿತು. ಮಂಗಳವಾರ, ಶುಕ್ರವಾರ ರಾಜೂರಿನಿಂದ ಗದಗಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅಡಿವೆವ್ವನ ಗಂಡ ಉಮೇಶ ಗೋವಾದಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಮೊದಲೆಲ್ಲ ಬಸ್ಸಿನಲ್ಲೇ ಬರುತ್ತಿದ್ದರು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಮುದುಕಿ ಕುಸಿದು ಬಿದ್ದಾಗ ಅಡಿವೆವ್ವ ಗಂಡನಿಗೆ ಫೋನು ಮಾಡಿ, "ಹಳೇ ಗಾಡಿ ಒಂದು ನೋಡು. ಹೊಡಿಯೂದು ನಾ ಕಲೀತೀನಿ," ಅಂದಿದ್ದಳು. ಹದಿನಾಲ್ಕು ವರ್ಷದ ಹಳೇ ಗಾಡಿ ಬಂತು. ಬತ್ತಿದ ಕೆರೆಯಂಗಳದಲ್ಲಿ ಕಲಿತಳು. ನೋಡಿ ನಗಲೆಂದೇ ಏರಿಯ ಮೇಲೆ ಜನ ಬಂದು ಕೂರುತ್ತಿದ್ದರು. ಎಂಟು ದಿನಕ್ಕೆ ಅವರಿಗೆ ನಗಲು ಏನೂ ಉಳಿಯಲಿಲ್ಲ.

ಆದರೆ ಬೇಸಿಗೆ ಬಂತೆಂದರೆ ಒಂದೇ ಜಗಳ. ಮಾಳವ್ವ ಹೆಚ್ಚು ನೀರು ಕುಡಿಯುವಂತಿಲ್ಲ. ಡಾಕ್ಟರು ಹೇಳಿದಷ್ಟನ್ನೇ ಅಡಿವೆವ್ವ ಬೆಳಿಗ್ಗೆ ಸಣ್ಣ ಚಂಬಿಗೆ ಅಳೆದು ಹಾಕುತ್ತಾಳೆ. ದಿನಕ್ಕೆ ಅಷ್ಟೇ. ಮಾರ್ಚ್ ಕೊನೆಯ ಬಿಸಿಲು, ಒಲೆಯಂಥ ಗಾಡಿ, ಊರು ದಾಟುವಷ್ಟರಲ್ಲಿ ಹಿಂದಿನಿಂದ ದನಿ ಬರುತ್ತದೆ: "ಅಡಿವೀ, ಒಂದ ಗುಟುಕು."

"ಸಂಜಿ ತನಕ ಇಲ್ಲ ಅತ್ತಿ."

ಇಲ್ಲ ಅನ್ನುವವಳು ಅವಳೇ. ನೀರು ಕೊಡುವ ಹಾಗಿಲ್ಲ, ಸ್ವಲ್ಪ ತಂಪು ಗಾಳಿಯನ್ನಾದರೂ ಕೊಡೋಣವೆಂದರೆ ಈ ಗಾಡಿ ಬಿಸಿ ಉಗುಳುತ್ತಿತ್ತು. ಅವತ್ತು ವಾಪಸು ಬರುವಾಗ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳು ಸಾಲಾಗಿ ತಿರುಗುತ್ತಿದ್ದವು. "ಇಷ್ಟೊಂದು ತಿರಗತಾವು, ನನ್ನ ಗಾಡಿಗೊಂದು ದಿಕ್ಕಿಲ್ಲ," ಎಂದು ಹಲ್ಲು ಕಡಿದಳು.

ಮರುದಿನ ಗಜೇಂದ್ರಗಡದ ಟಿಪ್ಪುಸಾಬನ ಅಂಗಡಿ ಮುಂದೆ ಗಾಡಿ ನಿಲ್ಲಿಸಿದಳು. ಟ್ರ್ಯಾಕ್ಟರ್, ಲಾರಿಗಳ ವೈರಿಂಗು, ಏಸಿ ಮಾಡುವ ಮುದುಕ ಅವನು. ಇಳಿಯುತ್ತಲೇ ಶುರು ಮಾಡಿದಳು: "ಕಾಕಾ, ನೀವೂ ಗ್ಯಾಸ್ ಅಂದ್ರ ಈಗಿಂದೀಗ ಹೋಗತೀನಿ ನೋಡ್ರಿ."

"ಗ್ಯಾಸ್ ಅಂದ್ರ ಏನು ಡೀಸೆಲ್ಲೇನವ್ವಾ, ಸುಟ್ಟು ಹೋಗಾಕ? ಪೈಪಿನಾಗ ಸುತ್ತತಿರತೈತಿ ಅದು. ಕಡಿಮಿ ಆಗೇತಿ ಅಂದ್ರ ಎಲ್ಲೋ ಸೋರೇತಿ. ಸೋರೂದು ಹುಡುಕಲಾರದ ಎರಡೆರಡ ಸಲ ತುಂಬಿದವಗ ನಾಕ ಬಡೀಬೇಕು. ಅದಿರ್ಲಿ, ತಂಪು ಓಡೂ ಮುಂದ ಬರತೈತೋ, ನಿಂತಾಗೂ ಬರತೈತೋ?"

ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ. "ಓಡೂ ಮುಂದ ಚೂರು ಬರತೈತ್ರಿ. ನಿಂತ ಕೂಡ್ಲೆ ಬರೇ ಬಿಸಿ."

"ಹಂಗಾರ ಕಂಪ್ರೆಸರ್ ಜೀವಂತ ಐತಿ. ನಿಂತಾಗ ಗಾಳಿ ಎಳಿಯೂ ಫ್ಯಾನ ಸತ್ತಿರಬೇಕು."

ಟಿಪ್ಪುಸಾಬ ಮುಂದಿನ ಜಾಲರಿ ಬಿಚ್ಚಿದ. ರೇಡಿಯೇಟರಿನ ಮುಂದೆ ಅದರಂಥದೇ ಇನ್ನೊಂದು ತೆಳು ಬಲೆ ಇರುತ್ತದೆ. ಏಸಿಯ ಬಿಸಿಯನ್ನು ಹೊರಹಾಕುವುದು ಅದೇ. ಎರಡರ ನಡುವೆ ಬೆರಳು ತೂರಿಸಿ ಎಳೆದ. ಕಂಬಳಿ ತುಂಡಿನಂಥದ್ದು ಕಿತ್ತು ಬಂತು.

"ಏನವ್ವಾ ಇದು, ಗಾಡಿಯಾಗ ಎತ್ತಿಗೆ ಮೇವು ಇಟ್ಟೀಯೇನು?"

ಅಡಿವೆವ್ವ ಕೈಯಲ್ಲಿ ಹಿಡಿದು ನೋಡಿದಳು. ಕಡ್ಲಿ ಹೊಟ್ಟು. ಅವರದೇ ಹೊಲದ್ದು.

ಸುಗ್ಗಿಯಲ್ಲಿ ಊರವರೆಲ್ಲ ಮಾಡುವ ಹಾಗೆ ಅವರೂ ಕಡ್ಲಿ ಗಿಡವನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಿದ್ದರು. ಗಾಲಿ ಹಾಯ್ದರೆ ಕಾಳು ಉದುರುತ್ತದೆ. ಎರಡು ಸುಗ್ಗಿ ಈ ಗಾಡಿಯನ್ನೇ ಅದರ ಮೇಲೆ ಸುತ್ತಿಸಿದ್ದಳು. ಕಿಲೋಮೀಟರ್ ಕಲ್ಲಿನ ಮೇಲೆ ಕೂತು ಮಾಳವ್ವ ಕೂಗಿದ್ದಳು: "ಇನ್ನೊಂದ ಸುತ್ತ ಹಾಕ ಅಡಿವೀ! ಮನಿ ಗಾಡಿ ಇರೂ ಮುಂದ ಟ್ರ್ಯಾಕ್ಟರ್ ಯಾಕ?"

ಅಡಿವೆವ್ವ ಬಾನೆಟ್ಟಿಗೆ ರಪ್ಪನೆ ಬಡಿದಳು.

"ಗಾಡಿಗ್ಯಾಕ ಬಡೀತಿ?"

"ಮತ್ಯಾರಿಗೆ ಬಡೀಲಿ ಕಾಕಾ?"

"ಬಡಿಯೂದ ಬಿಟ್ಟು ಹಲ್ಲುಜ್ಜೂ ಹಳೇ ಬ್ರಶ್ ಐತಿ, ತಗೋ."

ಮಧ್ಯಾಹ್ನದವರೆಗೆ ಇಬ್ಬರೂ ತೊಳೆದರು. ಜೋರು ಪಂಪು ಹಚ್ಚಿದರೆ ಬಲೆಯ ಎಸಳು ಮಡಚುತ್ತದೆಂದು ಟಿಪ್ಪುಸಾಬ ಸಾದಾ ಪೈಪಿನಲ್ಲಿ, ಒಳಗಿನಿಂದ ಹೊರಗೆ, ಸಣ್ಣಗೆ ನೀರು ಬಿಟ್ಟ. ಹೊಟ್ಟು ಸಿಕ್ಕು ಸುಟ್ಟಿದ್ದ ಫ್ಯಾನಿನ ಮೋಟಾರಿನ ಜಾಗಕ್ಕೆ ಗುಜರಿಯಿಂದ ತಂದ ಚಲೋ ಮೋಟಾರು ಕೂರಿಸಿದ. ಪೈಪಿನ ಜೋಡಣೆಗಳಿಗೆ ಸಾಬೂನು ನೊರೆ ಹಚ್ಚಿದಾಗ ಒಂದು ಕಡೆ ಗುಳ್ಳೆ ಎದ್ದಿತು. ಅಲ್ಲಿನ ರಬ್ಬರ್ ರಿಂಗು ಒಡೆದಿತ್ತು. ಅದನ್ನು ಬದಲಿಸಿ, ಪೈಪಿನೊಳಗಿನ ಗಾಳಿಯೆಲ್ಲ ಹೀರಿ ತೆಗೆದು, ಗ್ಯಾಸನ್ನು ತೂಗಿ ತುಂಬಿದ. ಎಲ್ಲ ಸೇರಿ ಗದಗಿನವ ಹೇಳಿದ್ದರ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಅದಕ್ಕೂ ಅಡಿವೆವ್ವನಿಗೆ ಸಿಟ್ಟೇ ಬಂತು. ಇಷ್ಟಕ್ಕಾಗಿ ಎರಡು ಬೇಸಿಗೆ ಮುದುಕಿಯನ್ನು ಬೇಯಿಸಿದೆನಲ್ಲ!

ಶುಕ್ರವಾರ ಗಾಡಿಯೊಳಗೆ ತಂಪು ಸುಳಿಯಿತು. ಊರು ದಾಟಿದರೂ ಮಾಳವ್ವ ನೀರು ಕೇಳಲಿಲ್ಲ. "ಏನಾಗಿತ್ತ ಗಾಡಿಗೆ?" ಅಂದಳು.

"ಧೂಳ ಕುಂತಿತ್ತು ಅತ್ತಿ." ಅಷ್ಟೇ ಹೇಳಿದಳು.

ಒಂದು ಹರದಾರಿ ಹೋಗುವುದರೊಳಗೆ ರಸ್ತೆಯ ತುಂಬ ಕುಸುಬಿ ಹರಡಿತ್ತು. ಹೊಲದ ನಿಂಗಪ್ಪ ಕೈ ಬೀಸಿದ: "ಹಾಯಸವ್ವಾ, ಹಾಯಸು! ಇನ್ನೆರಡ ಗಾಡಿ ಹಾದ್ರ ಮುಗೀತು."

ಅಡಿವೆವ್ವ ಬ್ರೇಕು ಒತ್ತಿ ಇಳಿದಳು. ಸೆರಗು ಸೊಂಟಕ್ಕೆ ಹೋಯಿತು. "ಸರಿಸು ಇದನ್ನ."

"ಹ್ವಾದ ವರ್ಷ ಕಡ್ಲಿ ಮ್ಯಾಲೆ ನೀನ ಗರಗರ ಹೊಡದಿದ್ದೆಲ್ಲ! ಈ ವರ್ಷ ಗಾಡಿಗೆ ಕೋಡು ಮೂಡ್ಯಾವೇನು?"

"ಹೊಡದೀನಿ! ಅದರ ಹೊಟ್ಟು ತುಂಬೇ ನಮ್ಮತ್ತಿ ಈ ಗಾಡಿಯಾಗ ಬೆಂದಾಳ. ಆಕಿ ನೀರೂ ಕುಡಿಯುವಂಗಿಲ್ಲೋ ನಿಂಗಪ್ಪಾ! ಸರಿಸ್ತೀಯೋ, ನಾನ ಕಾಲಿಲೆ ಒದ್ದು ಗಟಾರಕ್ಕ ತಳ್ಳಲೋ?"

ಹಿಂದೆ ಕಿಡಕಿ ಇಳಿಯಿತು. "ಅಡಿವೀ," ಅಂದಳು ಮಾಳವ್ವ ಮೆಲ್ಲಗೆ, "ನಮ್ಮ ಕಡ್ಲಿ ಹೊಟ್ಟೇನು? ಇನ್ನೊಂದ ಸುತ್ತ ಹಾಕಂದಾಕಿ ನಾನ ಅಲ್ಲೇನ?"

ಅಡಿವೆವ್ವ ತಿರುಗಿ ನೋಡಲಿಲ್ಲ. "ಕಿಡಕಿ ಏರಸ ಅತ್ತಿ. ತಂಪು ಹೊರಗ ಹೊಂಟೈತಿ."

ನಿಂಗಪ್ಪ ಗೊಣಗುತ್ತ ಕುಸುಬಿಯನ್ನು ಬದಿಗೆ ಸರಿಸತೊಡಗಿದ. ಒಂದು ಗಾಡಿ ಹಿಡಿಸುವಷ್ಟು ಕರಿ ರಸ್ತೆ ಕಾಣುವವರೆಗೆ ಅವಳು ಬಿಸಿಲಲ್ಲೇ ನಿಂತಳು, ಸೆರಗು ಬಿಚ್ಚಲಿಲ್ಲ. ಹಿಂದೆ ಗಾಡಿ ಚಾಲೂ ಇತ್ತು. ನಿಂತಲ್ಲೇ ನಿಂತಿದ್ದರೂ ಒಳಗೆ ಮಾಳವ್ವನ ನೆರೆಗೂದಲು ತಂಪು ಗಾಳಿಗೆ ಅಲುಗುತ್ತಲೇ ಇತ್ತು.